ಪರ್ಮಿಟ್ ಬೇರೆ, ಲೈಸೆನ್ಸ್ ಬೇರೆ: ಉತ್ತರ ಕನ್ನಡದ ಎಲೆಕ್ಟ್ರಿಷಿಯನ್ನರಿಗೆ ಹೆಜ್ಜೆ ಹೆಜ್ಜೆಯ ಮಾರ್ಗದರ್ಶಿ

ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ಯಾವ ಹಳ್ಳಿಗೆ ಹೋದರೂ ವೈರಿಂಗ್ ಬಲ್ಲವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಹತ್ತು ಹದಿನೈದು ವರ್ಷದ ಅನುಭವ ಇರುತ್ತದೆ. ಅಡಿಕೆ ಸುಲಿಯುವ ಯಂತ್ರ ನಿಂತರೆ, ತೋಟದ ಪಂಪಿನ ಸ್ಟಾರ್ಟರ್ ಗುಂಯ್ ಎಂದರೆ, ಗುಡುಗಿಗೆ ಮನೆಯ ಬೋರ್ಡೇ ಹಾರಿದರೆ ಊರವರು ಕರೆಯುವುದು ಇವರನ್ನೇ. ಕೈಯಲ್ಲಿ ಕೆಲಸ ಇದೆ, ಕಾಗದ ಇಲ್ಲ. ಹೊಸ ಮನೆಗೆ ಮೀಟರ್ ಬೇಕು ಅಂದ ದಿನ ಬೇರೆ ಯಾರದೋ ಸಹಿ ಹುಡುಕಿಕೊಂಡು ಪೇಟೆಗೆ ಬರುತ್ತಾರೆ. ನಾನೂ ಏಳು ವರ್ಷ ಹಾಗೇ ಇದ್ದವನು. ಮನೆ ಪೂರ್ತಿ ವೈರಿಂಗ್ ಮಾಡಿದ್ದು ನಾನು, ಸಹಿ ಹಾಕಿ ದುಡ್ಡು ಎಣಿಸಿಕೊಂಡದ್ದು ಆ ಮನೆಯ ಹೊಸ್ತಿಲನ್ನೂ ನೋಡದವರು. ಆ ಸಿಟ್ಟಿಗೇ ಕಾಗದ ಮಾಡಿಸಿಕೊಳ್ಳಲು ಹೊರಟೆ. ಯಾರಾದರೂ ಮೊದಲೇ ಕೂರಿಸಿಕೊಂಡು ಹೇಳಿದ್ದರೆ ಒಂದು ವರ್ಷವಾದರೂ ಉಳಿಯುತ್ತಿತ್ತು. ಆವಾಗ ನನಗೆ ಯಾರೂ ಹೇಳದೇ ಇದ್ದದ್ದನ್ನು ಇಲ್ಲಿ ಬರೆದಿದ್ದೇನೆ.

ಕಾಗದ ಯಾಕೆ ಬೇಕು

ಮೊದಲು ಕಾನೂನಿನ ಮಾತು ಮುಗಿಸಿಬಿಡುತ್ತೇನೆ. ಮುಂದಿನದೆಲ್ಲ ಅದರ ಮೇಲೇ ನಿಂತಿದೆ. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ 45ನೇ ನಿಯಮ ಎಂದು ಒಂದಿತ್ತು. ಹಳೇ ಕಾಲದ ಗುತ್ತಿಗೆದಾರರು ಈಗಲೂ 'ರೂಲ್ ನಲವತ್ತೈದು' ಅನ್ನುತ್ತಾರೆ. 2003ರ ವಿದ್ಯುತ್ ಕಾಯ್ದೆ ಬಂದ ಮೇಲೆ ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ಸುರಕ್ಷತಾ ನಿಯಮಾವಳಿ ತಂದಿತು, 2023ರಲ್ಲಿ ಅದರ ಜಾಗಕ್ಕೆ ಹೊಸದು ಬಂತು. ಪುಸ್ತಕ ಬದಲಾಯಿತು, ಮಾತು ಬದಲಾಗಲಿಲ್ಲ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚಿನಂಥ ಸಣ್ಣ ಸಾಮಾನನ್ನು, ಒಟ್ಟು ವೈರಿಂಗಿನ ಸಾಮರ್ಥ್ಯ ಮತ್ತು ಸ್ವರೂಪ ಬದಲಾಗದ ಹಾಗೆ, ಯಾರು ಬೇಕಾದರೂ ಬದಲಿಸಬಹುದು. ಅದನ್ನು ಬಿಟ್ಟು ಹೊಸ ವೈರಿಂಗ್, ಹೆಚ್ಚುವರಿ ಪಾಯಿಂಟ್, ಮಾರ್ಪಾಡು, ರಿಪೇರಿ ಯಾವುದೇ ಇರಲಿ, ರಾಜ್ಯ ಸರ್ಕಾರದ ಲೈಸೆನ್ಸ್ ಇರುವ ಗುತ್ತಿಗೆದಾರರ ಮೂಲಕವೇ ಆಗಬೇಕು. ಅರ್ಹತಾ ಪತ್ರ ಇರುವ ಮೇಲ್ವಿಚಾರಕರು ಎದುರಿಗೆ ನಿಂತು ನೋಡಿಕೊಳ್ಳಬೇಕು, ಕೈಯಿಂದ ಮಾಡುವವರ ಹತ್ತಿರ ಪರ್ಮಿಟ್ ಇರಬೇಕು.

ಆ ಒಂದು ವಾಕ್ಯದಲ್ಲಿ ಮೂರು ಜನ ಇದ್ದಾರೆ, ಅದಕ್ಕೇ ಕಾಗದವೂ ಮೂರು. ನಮ್ಮವರು ಮೂರಕ್ಕೂ 'ಲೈಸೆನ್ಸ್' ಎಂದು ಒಂದೇ ಹೆಸರು ಹೇಳುತ್ತಾರೆ, ಗಲಿಬಿಲಿ ಶುರುವಾಗುವುದೇ ಅಲ್ಲಿ.

ವೈರ್‌ಮನ್ ಪರ್ಮಿಟ್ ಅಂದರೆ ವೈರಿಂಗ್ ಕೆಲಸ ಮಾಡಲು ನಿಮಗೆ ಬರುತ್ತದೆ ಎಂಬುದಕ್ಕೆ ಸರ್ಕಾರದ ಒಪ್ಪಿಗೆ. ಅದು ನಿಮ್ಮ ಸ್ವಂತದ್ದು. ಅದೊಂದನ್ನೇ ಹಿಡಿದುಕೊಂಡು ಸ್ವತಂತ್ರವಾಗಿ ಗುತ್ತಿಗೆ ಹಿಡಿಯುವ ಹಾಗಿಲ್ಲ. ಮೇಲ್ವಿಚಾರಕರ ಪರ್ಮಿಟ್ ಡಿಪ್ಲೊಮಾ, ಬಿ.ಇ. ಓದಿದವರು ಸಾಮಾನ್ಯವಾಗಿ ಪಡೆಯುವಂಥದ್ದು. ಕೆಲಸ ಸರಿ ಆಯಿತೆಂದು ಪರೀಕ್ಷೆ ಮಾಡಿ ಹೇಳುವ ಹೊಣೆ ಅವರದು. ಗುತ್ತಿಗೆದಾರರ ಲೈಸೆನ್ಸ್ ಬರುವುದು ವ್ಯವಹಾರಕ್ಕೆ. ಕೆಲಸ ಒಪ್ಪಿಕೊಂಡು, ಜನ ಇಟ್ಟುಕೊಂಡು ಮಾಡಿಸಿ, ಹೆಸ್ಕಾಂಗೆ ಕಾಮಗಾರಿ ಪೂರ್ಣಗೊಂಡ ವರದಿಯನ್ನು ತಮ್ಮ ಮುದ್ರೆ ಒತ್ತಿ ಕೊಡುವವರು ಇವರು. ಕರ್ನಾಟಕದಲ್ಲಿ ಇದಕ್ಕೆ ಎರಡನೇ ದರ್ಜೆ, ಒಂದನೇ ದರ್ಜೆ, ಸೂಪರ್ ಗ್ರೇಡ್ ಎಂದು ಮೆಟ್ಟಿಲುಗಳಿವೆ.

ಈ ಮೂರನ್ನೂ ಕೊಡುವುದು ಹೆಸ್ಕಾಂ ಅಲ್ಲ. ಬಹಳ ಜನ ಸೆಕ್ಷನ್ ಆಫೀಸಿಗೆ ಹೋಗಿ 'ನನಗೊಂದು ಪರ್ಮಿಟ್ ಮಾಡಿಸಿ ಕೊಡಿ ಸಾಹೇಬ್ರೆ' ಎಂದು ಕೇಳಿ ಬರಿಗೈಯಲ್ಲಿ ಬರುತ್ತಾರೆ. ಹೆಸ್ಕಾಂ ಕರೆಂಟು ಮಾರುವ ಕಂಪನಿ. ಪರ್ಮಿಟ್ ಕೊಡುವುದು ಇಂಧನ ಇಲಾಖೆಯ ಕೆಳಗಿರುವ ವಿದ್ಯುತ್ ಪರಿವೀಕ್ಷಣಾಲಯ, ಅಲ್ಲಿನ ಲೈಸೆನ್ಸಿಂಗ್ ಬೋರ್ಡು. ಅದರ ಮುಖ್ಯಸ್ಥರು ಬೆಂಗಳೂರಿನಲ್ಲಿ ಕೂರುವ ಮುಖ್ಯ ವಿದ್ಯುತ್ ಪರಿವೀಕ್ಷಕರು. ನಾವೆಲ್ಲ 'ಇನ್ಸ್‌ಪೆಕ್ಟರೇಟ್' ಅನ್ನುವುದು ಇದನ್ನೇ.

ಮೊದಲ ಹೆಜ್ಜೆ: ಓದಿನ ಕಾಗದ

ವೈರ್‌ಮನ್ ಪರ್ಮಿಟ್‌ಗೆ ಸಲೀಸಾದ ದಾರಿ ಐಟಿಐ. ಎಲೆಕ್ಟ್ರಿಷಿಯನ್ ಟ್ರೇಡ್ ಎರಡು ವರ್ಷ, ಹತ್ತನೇ ತರಗತಿ ಪಾಸಾಗಿರಬೇಕು. ವೈರ್‌ಮನ್ ಟ್ರೇಡೂ ಎರಡು ವರ್ಷದ್ದೇ, ಆದರೆ ಅದಕ್ಕೆ ಎಂಟನೇ ತರಗತಿ ಪಾಸಾದವರೂ ಸೇರಬಹುದು. ಇದು ನಮ್ಮ ಕಡೆ ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟು ಮನೆಯಲ್ಲಿ ಕುಳಿತ ಹುಡುಗರು ಗಾರೆ ಕೆಲಸಕ್ಕೋ ಮೀನಿನ ದೋಣಿಗೋ ಹೋಗಿಬಿಡುತ್ತಾರೆ. ವೈರ್‌ಮನ್ ಟ್ರೇಡಿನ ಬಾಗಿಲು ತೆರೆದೇ ಇದೆ ಎಂದು ಅವರಿಗೆ ಹೇಳಿದವರಿಲ್ಲ.

ಐಟಿಐ ಆದ ಮೇಲೆ ಅಪ್ರೆಂಟಿಸ್ ಆಗಿ ಕಲಿತು ಆ ಪರೀಕ್ಷೆಯನ್ನೂ ಪಾಸು ಮಾಡಿದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಸಿಗುತ್ತದೆ. ಕಾರವಾರ ತಾಲ್ಲೂಕಿನವರಿಗೆ ಕೈಗಾ ಹತ್ತಿರವೇ ಇದೆ. 220 ಮೆಗಾವಾಟಿನ ನಾಲ್ಕು ಘಟಕ ನಡೆಸುವ ಅಲ್ಲಿ ಐಟಿಐ ಹುಡುಗರನ್ನು ಅಪ್ರೆಂಟಿಸ್ ತೆಗೆದುಕೊಳ್ಳುತ್ತಾರೆ. ಅಂಥ ಜಾಗದಲ್ಲಿ ಕಲಿತವನು ಕೆಲಸಕ್ಕೆ ಕೈ ಹಾಕುವ ಮೊದಲು ಸಪ್ಲೈ ಬಂದ್ ಆಗಿದೆಯೇ ಎಂದು ಮೂರು ಸಲ ನೋಡುತ್ತಾನೆ. ನನ್ನ ಹತ್ತಿರ ಕೆಲಸ ಕೇಳಿಕೊಂಡು ಬಂದವರಲ್ಲಿ ಅಪ್ರೆಂಟಿಸ್ ಮುಗಿಸಿದವರನ್ನು ಇದೊಂದರಿಂದಲೇ ಗುರುತಿಸಬಲ್ಲೆ.

ವಯಸ್ಸು ಮೂವತ್ತು ದಾಟಿದೆ, ಹೆಂಡತಿ ಮಕ್ಕಳಿದ್ದಾರೆ, ಎರಡು ವರ್ಷ ಐಟಿಐ ಬೆಂಚಿನ ಮೇಲೆ ಕೂರುವುದು ಆಗದ ಮಾತು ಎನ್ನುವವರಿಗೆ ಇನ್ನೊಂದು ದಾರಿ ಇದೆ. ಅದೇ ಕಸುಬಿನಲ್ಲಿ ವರ್ಷಗಟ್ಟಲೆ ದುಡಿದವರು ಖಾಸಗಿ ಅಭ್ಯರ್ಥಿಯಾಗಿ ಅಖಿಲ ಭಾರತ ವೃತ್ತಿ ಪರೀಕ್ಷೆ ಬರೆಯುವ ಅವಕಾಶ ಅದು. ಯಾವುದಾದರೂ ಸರ್ಕಾರಿ ಐಟಿಐಗೆ ಹೋಗಿ ಪ್ರಾಚಾರ್ಯರನ್ನೇ ಕೇಳಿ, ಗುಮಾಸ್ತರನ್ನಲ್ಲ. ಅನುಭವ ಪತ್ರ ಬೇಕಾಗುತ್ತದೆ, ಅದನ್ನು ಲೈಸೆನ್ಸ್ ಇರುವ ಗುತ್ತಿಗೆದಾರರಿಂದಲೇ ಪಡೆಯಿರಿ. ಪೇಟೆಯ ಎಲೆಕ್ಟ್ರಿಕಲ್ ಅಂಗಡಿಯವರು ತಮ್ಮ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟ ಪತ್ರ ನೋಡಲು ಚೆಂದ, ಮೇಜಿನ ಆಚೆ ಬದಿಯಲ್ಲಿ ಅದಕ್ಕೆ ತೂಕ ಇಲ್ಲ. ಹಾಗೆಯೇ ಒಂದು ವಾರದ, ಹದಿನೈದು ದಿನದ ಕೌಶಲ ತರಬೇತಿ ಪ್ರಮಾಣಪತ್ರವನ್ನು ಐಟಿಐ ಪ್ರಮಾಣಪತ್ರಕ್ಕೆ ಸಮ ಎಂದು ತಿಳಿಯಬೇಡಿ. ತರಬೇತಿ ಒಳ್ಳೆಯದೇ, ಅದರ ಕಾಗದದಿಂದ ಬೇರೆ ಕೆಲಸ ಆಗಬಹುದು, ಇದಾಗುವುದಿಲ್ಲ.

ಐಟಿಐ ಮುಗಿಸಿದ ಹುಡುಗರಿಗೆ ಮಧ್ಯೆ ಒಂದು ಮಾತು: ಎರಡು ವರ್ಷದ ಐಟಿಐ ಆದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು. ಮುಂದೆ ಗುತ್ತಿಗೆದಾರ ಆಗುವ ಆಸೆ ಇದ್ದರೆ ಅದನ್ನು ಈಗಲೇ ಮಾಡಿಕೊಳ್ಳಿ. ಯಾಕೆ ಎನ್ನುವುದು ಮುಂದೆ ಗೊತ್ತಾಗುತ್ತದೆ.

ಎರಡನೇ ಹೆಜ್ಜೆ: ಹೆಸರು

ಅರ್ಜಿ ಹಾಕುವ ಮೊದಲು ಎಲ್ಲ ಕಾಗದಗಳನ್ನು ಚಾಪೆಯ ಮೇಲೆ ಹರಡಿ ಕುಳಿತುಕೊಳ್ಳಿ: ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇಲ್ಲವೇ ಶಾಲಾ ವರ್ಗಾವಣೆ ಪತ್ರ, ಐಟಿಐ ಪ್ರಮಾಣಪತ್ರ, ಆಧಾರ್, ಪ್ಯಾನ್. ಪ್ರತಿಯೊಂದರಲ್ಲೂ ನಿಮ್ಮ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿ.

ನಮ್ಮ ಜಿಲ್ಲೆಗೆ ಈ ತಾಪತ್ರಯ ಬೇರೆ ಕಡೆಗಿಂತ ಹೆಚ್ಚು. 1862ರಲ್ಲಿ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿದ ಉತ್ತರ ಕನ್ನಡ 1956ರವರೆಗೆ ಅಲ್ಲೇ ಇತ್ತು. ಆ ಕಡೆಯ ರೂಢಿಯಂತೆ ನಾವು ಹೆಸರು ಬರೆಯುವುದೇ ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಎಂಬ ಕ್ರಮದಲ್ಲಿ. ಶಾಲೆಯಲ್ಲಿ ಮೂರನ್ನೂ ಬಿಡಿಸಿ ಬರೆದಿರುತ್ತಾರೆ. ಆಧಾರ್ ಮಾಡುವಾಗ ಅಪ್ಪನ ಹೆಸರು ಒಂದಕ್ಷರದ ಇನಿಷಿಯಲ್ ಆಗಿ ಮುಂದಕ್ಕೆ ಹೋಗಿರುತ್ತದೆ. ಪ್ಯಾನ್‌ನಲ್ಲಿ ಅಡ್ಡಹೆಸರೇ ಹಾರಿಹೋಗಿರುತ್ತದೆ. ಅಡ್ಡಹೆಸರಿನಲ್ಲೂ ಕಾಟ ಇದೆ: ಒಂದು ಕಡೆ ಹೆಗಡೆ, ಇನ್ನೊಂದು ಕಡೆ ಹೆಗ್ಡೆ, ಭಟ್ಟ ಮತ್ತು ಭಟ್. ನಾಯ್ಕ ಮತ್ತು ನಾಯಕ ಎಂಬುದು ನಮಗೆ ಎರಡು ಬೇರೆ ಮನೆತನ, ಇಂಗ್ಲಿಷಿನಲ್ಲಿ ಟೈಪು ಮಾಡುವವನಿಗೆ ಒಂದು ವೈ ಅಕ್ಷರ ಹಾಕಬೇಕೋ ಬೇಡವೋ ಎಂಬ ಪ್ರಶ್ನೆ ಅಷ್ಟೆ.

ನನ್ನ ಮೊದಲ ಅರ್ಜಿ ವಾಪಸು ಬಂದದ್ದು ಇದೇ ಕಾರಣಕ್ಕೆ. ಐಟಿಐ ಕಾಗದದಲ್ಲಿ ಅಪ್ಪನ ಹೆಸರು ಪೂರ್ತಿ ಇತ್ತು, ಗುರುತಿನ ಚೀಟಿಯಲ್ಲಿ ಇನಿಷಿಯಲ್ ಮಾತ್ರ. 'ಇಬ್ಬರೂ ನಾನೇ' ಎಂದು ನಾನು ಹೇಳಿದರೆ ಕೇಳುವವರು ಯಾರು?

ಸರಿಪಡಿಸುವಾಗ ಶಾಲೆಯ ದಾಖಲೆಯನ್ನು ಮುಟ್ಟಬೇಡಿ, ಅದು ವರ್ಷಗಟ್ಟಲೆ ಎಳೆಯುವ ಕೆಲಸ. ಎಸ್ಸೆಸ್ಸೆಲ್ಸಿಯಲ್ಲಿ ಇದ್ದ ಹಾಗೆ ಆಧಾರ್ ಮತ್ತು ಪ್ಯಾನ್ ತಿದ್ದಿಸಿಕೊಳ್ಳಿ, ಇವೆರಡು ಬೇಗ ಆಗುತ್ತವೆ. ಐಟಿಐ ಪ್ರಮಾಣಪತ್ರದಲ್ಲೇ ತಪ್ಪಿದ್ದರೆ ಓದಿದ ಐಟಿಐ ಮೂಲಕ ತಿದ್ದುಪಡಿಗೆ ಕೊಡಿ. ಅದು ಬರುವವರೆಗೆ ನೋಟರಿ ಮುಂದೆ ಮಾಡಿದ ಅಫಿಡವಿಟ್ ಜೊತೆಗಿರಲಿ. ಹೆಸರು ಸರಿ ಹೋದ ಮೇಲೆ ಬ್ಯಾಂಕಿನ ಪಾಸ್‌ಬುಕ್ಕನ್ನೂ ಹಾಗೇ ಮಾಡಿಸಿ. ಮುಂದೆ ಗುತ್ತಿಗೆದಾರರಾದಾಗ ಬಿಲ್ಲಿನ ದುಡ್ಡು ಬರುವುದು ಆ ಹೆಸರಿಗೇ.

ಮೂರನೇ ಹೆಜ್ಜೆ: ಅರ್ಜಿ

ಅರ್ಜಿ ಈಗ ಇಲಾಖೆಯ ಜಾಲತಾಣದ ಮೂಲಕ. ಇದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ನಿಮ್ಮದೇ ಮೊಬೈಲ್ ನಂಬರು ಕೊಡಿ, ಸೈಬರ್ ಅಂಗಡಿಯವನದ್ದಲ್ಲ. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಒಟಿಪಿಯೂ ಆಕ್ಷೇಪಣೆಯ ಸಂದೇಶವೂ ಹೋಗುವುದು ಆ ನಂಬರಿಗೆ. ಅಂಗಡಿಯವ ನಂಬರು ಬದಲಿಸಿದರೆ ನಿಮ್ಮ ಖಾತೆಯ ಬೀಗದ ಕೈಯೂ ಅವನ ಜೊತೆಗೆ ಹೋಯಿತು. ಫೋಟೋ ಇತ್ತೀಚಿನದಿರಲಿ. ಸ್ಕ್ಯಾನ್ ಮಾಡುವಾಗ ಪ್ರಮಾಣಪತ್ರದ ಮೂಲೆ, ಮುದ್ರೆ, ಕ್ರಮಸಂಖ್ಯೆ ಕತ್ತರಿಸಿ ಹೋಗದ ಹಾಗೆ ನೋಡಿ, ಹಿಂಬದಿಯಲ್ಲಿ ಬರಹ ಇದ್ದರೆ ಅದನ್ನೂ ಹಾಕಿ.

ಶುಲ್ಕ ಕಾಲಕಾಲಕ್ಕೆ ಬದಲಾಗುವುದರಿಂದ ಪರಿಚಯದವರು ಹೇಳಿದ ಮೊತ್ತ ನಂಬದೆ, ಅರ್ಜಿ ಹಾಕುವ ದಿನ ತೆರೆಯ ಮೇಲೆ ಕಾಣಿಸಿದ್ದನ್ನೇ ಕಟ್ಟಿ. ಚಲನ್ ತುಂಬುವಾಗ ಇಲಾಖೆಯ ಹೆಸರು ಮತ್ತು ಲೆಕ್ಕ ಶೀರ್ಷಿಕೆ ಎರಡು ಸಲ ಓದಿ. ಸರ್ಕಾರದ ಖಜಾನೆಗೆ ತಪ್ಪು ಶೀರ್ಷಿಕೆಯಲ್ಲಿ ಹೋದ ದುಡ್ಡನ್ನು ವಾಪಸು ತರುವುದಕ್ಕಿಂತ ಇನ್ನೊಮ್ಮೆ ಕಟ್ಟುವುದು ಅಗ್ಗ. ಸ್ವೀಕೃತಿಯಲ್ಲಿ ಸಕಾಲ ಸಂಖ್ಯೆ ಇದ್ದರೆ ಅದನ್ನು ಡೈರಿಯಲ್ಲಿ ಬರೆದಿಟ್ಟುಕೊಳ್ಳಿ, ಮೊಬೈಲ್ ಒಂದನ್ನೇ ನೆಚ್ಚಬೇಡಿ. ವಾರಕ್ಕೊಮ್ಮೆ ಅರ್ಜಿಯ ಸ್ಥಿತಿ ನೋಡಿ. ಆಕ್ಷೇಪಣೆ ಬಂದು ಗಡುವಿನೊಳಗೆ ಉತ್ತರ ಹೋಗದಿದ್ದರೆ ಅರ್ಜಿ ಅಲ್ಲಿಗೇ ಸಾಯುತ್ತದೆ.

ನಡುವೆ ಬರುವ ದಲ್ಲಾಳಿಗಳ ಬಗ್ಗೆ: ಬಸ್ಸಿಗೆ ಕೊಡುವ ದುಡ್ಡು ಉಳಿಯುತ್ತದೆ ಎಂದು ಅವರ ಕೈಗೆ ಮೂಲ ಪ್ರಮಾಣಪತ್ರ ಕೊಟ್ಟವರು ನನಗೆ ಗೊತ್ತು. ಜೆರಾಕ್ಸ್ ಕೊಟ್ಟರೆ ಕೊಡಿ, ಮೂಲ ಕಾಗದ ಮಾತ್ರ ಬೇಡ.

ನಾಲ್ಕನೇ ಹೆಜ್ಜೆ: ಕೇಳಿದರೆ ಹೇಳಲು ಬರಬೇಕಾದದ್ದು

ಮೂಲ ದಾಖಲೆ ನೋಡುವಾಗ ಇರಬಹುದು, ಸಂದರ್ಶನಕ್ಕೆ ಕರೆದಾಗ ಇರಬಹುದು, ದೊಡ್ಡ ಗುತ್ತಿಗೆದಾರರ ಬಳಿ ಕೆಲಸ ಕೇಳಲು ಹೋದಾಗ ಇರಬಹುದು, ಪ್ರಶ್ನೆಗಳು ಸುತ್ತಿ ಸುತ್ತಿ ಇವೇ. ಕೈಯಲ್ಲಿ ಕೆಲಸ ಇದ್ದವರೂ ಬಾಯಲ್ಲಿ ಎಡವುವುದು ಇಲ್ಲಿ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

ಅರ್ಥಿಂಗಿನಿಂದ, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆಯಿಂದ, ಶುರು ಮಾಡುತ್ತಾರೆ. ಪೈಪ್ ಅರ್ಥಿಂಗಿಗೆ ಪೈಪು ಎಷ್ಟುದ್ದ? ಎರಡೂವರೆ ಮೀಟರಿಗೆ ಕಡಿಮೆ ಇರಬಾರದು. ಕಟ್ಟಡದಿಂದ ಎಷ್ಟು ದೂರ? ಒಂದೂವರೆ ಮೀಟರ್. ಪ್ಲೇಟ್ ಆದರೆ 60 ಸೆಂಟಿಮೀಟರ್ ಚೌಕ, ತಾಮ್ರದ್ದಾದರೆ 3.15 ಮಿಲಿಮೀಟರ್ ದಪ್ಪ, ಜಿಐ (ಸತು ಲೇಪಿಸಿದ ಕಬ್ಬಿಣ) ಆದರೆ 6.3. ಇದೆಲ್ಲ ಐಎಸ್ 3043 ಎಂಬ ಭಾರತೀಯ ಮಾನಕದಲ್ಲಿದೆ. ಮೂರು ಫೇಸಿನ ಮೋಟರಿಗೆ ಎಷ್ಟು ಅರ್ಥ್? ಎರಡು, ಎರಡೂ ಬೇರೆ ಬೇರೆಯಾಗಿ. ತೋಟದ ಪಂಪ್‌ಹೌಸಿನಲ್ಲಿ ಒಂದೇ ತಂತಿ ಎಳೆದು ಬಿಡುವ ಅಭ್ಯಾಸ ಆದವರು ಇಲ್ಲಿ 'ಒಂದು' ಎಂದು ಹೇಳಿ ಸಿಕ್ಕಿಬೀಳುತ್ತಾರೆ.

ಇನ್ನು ನಮ್ಮ ನೆಲದ ಸಂಗತಿ. ಕುಮಟಾ, ಹೊನ್ನಾವರ, ಭಟ್ಕಳದ ಚಿರೇಕಲ್ಲಿನ ಗುಡ್ಡದ ಮೇಲೆ ಮನೆ ಕಟ್ಟಿದವರ ಅರ್ಥ್ ಆಷಾಢದಲ್ಲಿ ಅಳೆದರೆ ಬಹಳ ಚೆನ್ನಾಗಿರುತ್ತದೆ, ನೆಲವೆಲ್ಲ ನೀರು ಕುಡಿದು ಕುಳಿತಿರುತ್ತದೆ. ಅದೇ ಗುಂಡಿಯನ್ನು ಏಪ್ರಿಲ್ ಮೇ ತಿಂಗಳಲ್ಲಿ ಅಳೆದು ನೋಡಿ, ಅರ್ಥ್ ಟೆಸ್ಟರಿನ ಮುಳ್ಳು ಎಲ್ಲಿಗೋ ಹೋಗುತ್ತದೆ. ಅಳೆಯುವುದಾದರೆ ಬೇಸಿಗೆಯಲ್ಲಿ ಅಳೆಯಿರಿ. ಯಾಕೆಂದರೆ ಈ ಲೆಕ್ಕ ನೋಡಿ. ವಾಷಿಂಗ್ ಮಷಿನಿನ ಮೈಗೆ ಫೇಸ್ ತಾಗಿತು ಎಂದಿಟ್ಟುಕೊಳ್ಳಿ. ಅರ್ಥ್ ರೋಧ 20 ಓಮ್. ನೆಲಕ್ಕೆ ಹರಿಯುವ ಕರೆಂಟು 230 ಭಾಗಿಸು 20, ಅಂದರೆ ಹನ್ನೊಂದೂವರೆ ಆಂಪಿಯರ್. ಬೋರ್ಡಿನಲ್ಲಿ ಇರುವುದು 16 ಆಂಪಿಯರಿನ ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್ಚು. ಬೀಳುತ್ತದೆಯೇ? ಬೀಳುವುದಿಲ್ಲ. ಮಷಿನಿನ ಮೈ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜಿನಲ್ಲಿ ಕಾಯುತ್ತಾ ನಿಂತಿರುತ್ತದೆ, ಒದ್ದೆ ಕೈಯಲ್ಲಿ ಯಾರಾದರೂ ಮುಟ್ಟುವ ತನಕ. 'ಅರ್ಥ್ ಕೊಟ್ಟಿದ್ದೇನಲ್ಲ ಮಾರಾಯ' ಎನ್ನುವ ಧೈರ್ಯಕ್ಕೆ ಉತ್ತರ ಇದೇ. ಆದ್ದರಿಂದಲೇ ಸೋರಿಕೆ ಕಂಡ ಕೂಡಲೇ ಸಪ್ಲೈ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕು. ಹನ್ನೊಂದು ಆಂಪಿಯರ್ ಇರಲಿ, ಅದರ ಮುನ್ನೂರನೇ ಒಂದು ಪಾಲು ಸೋರಿದರೂ ಅದು ಬೀಳುತ್ತದೆ. ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ ತೋರಿಸಬಲ್ಲವನಿಗೆ ಮುಂದಿನ ಪ್ರಶ್ನೆಗಳು ಹಗುರವಾಗುತ್ತವೆ.

ಮೆಗ್ಗರ್ ಪರೀಕ್ಷೆ, ಅಂದರೆ ವೈರಿನ ಇನ್ಸುಲೇಷನ್ ಗಟ್ಟಿ ಇದೆಯೇ ಎಂದು ಅಳೆದು ನೋಡುವುದು, ಎರಡನೆಯದು. 500 ವೋಲ್ಟ್ ಡಿಸಿ, ಒಂದು ನಿಮಿಷ, ಪ್ರತಿ ಲೈವ್ ತಂತಿಗೂ ಅರ್ಥಿಗೂ ನಡುವೆ. ಕನಿಷ್ಠ ಒಂದು ಮೆಗಾಓಮ್ ಬರಬೇಕು. ಇನ್ನೊಂದು ಹಳೆಯ ಲೆಕ್ಕವೂ ಇದೆ: 50ನ್ನು ಪಾಯಿಂಟುಗಳ ಸಂಖ್ಯೆಯಿಂದ ಭಾಗಿಸುವುದು. ಇಪ್ಪತ್ತೈದು ಪಾಯಿಂಟಿನ ಮನೆಗೆ ಎರಡು ಮೆಗಾಓಮ್. ಪರೀಕ್ಷೆಗೆ ಮೊದಲು ಮೇನ್ ಬಂದ್, ಬಲ್ಬು ಮತ್ತು ಉಪಕರಣ ಕಳಚಿರಬೇಕು, ಇಲ್ಲದಿದ್ದರೆ ಎಲ್‌ಇಡಿ ಡ್ರೈವರುಗಳ ಕಥೆ ಮುಗಿಯಿತು. ಮಳೆಗಾಲದಲ್ಲಿ ಹೊಸ ಗಾರೆಯ ಗೋಡೆ ಒದ್ದೆ ಇರುವಾಗ ಮೆಗ್ಗರ್ ಕಡಿಮೆ ತೋರಿಸಿದರೆ ಗಾಬರಿಯಾಗಿ ವೈರು ಕಿತ್ತು ಹಾಕಬೇಡಿ. ಒಂದೊಂದೇ ಸರ್ಕ್ಯೂಟ್ ಬಿಡಿಸಿ ಅಳೆಯಿರಿ. ಹತ್ತರಲ್ಲಿ ಎಂಟು ಸಲ ಹೊರಗಿನ ದೀಪದ ಜಂಕ್ಷನ್ ಬಾಕ್ಸಿನಲ್ಲಿ ನೀರು ನಿಂತಿರುತ್ತದೆ. ಕಾರವಾರ, ಅಂಕೋಲಾ ಕಡಲದಂಡೆಯಲ್ಲಿ ಉಪ್ಪುಗಾಳಿಗೆ ಕಬ್ಬಿಣದ ಸ್ಕ್ರೂ ಎರಡು ಮಳೆಗಾಲ ತಡೆಯುವುದಿಲ್ಲ. ಅಲ್ಲಿ ಹಿತ್ತಾಳೆ ಇಲ್ಲವೇ ಸ್ಟೇನ್‌ಲೆಸ್ ಹಾಕಿ ಎಂದು ನನಗೆ ಕಲಿಸಿದವರು ಬೈತಖೋಲದ ಒಬ್ಬ ಹಿರಿಯರು. ಘಟ್ಟದ ಮೇಲಿನ ನನಗೆ ಅದು ಗೊತ್ತಿರಲಿಲ್ಲ.

ಲೋಡಿನ ಲೆಕ್ಕ. ಲೈಟ್ ಸರ್ಕ್ಯೂಟಿಗೆ ಹತ್ತು ಪಾಯಿಂಟು, 800 ವ್ಯಾಟ್ ಮೀರಬಾರದು. ಪವರ್ ಸರ್ಕ್ಯೂಟಿಗೆ ಎರಡು ಸಾಕೆಟ್. ಐದು ಅಶ್ವಶಕ್ತಿ ಮೋಟರ್ ಎಷ್ಟು ಕರೆಂಟು ಎಳೆಯುತ್ತದೆ? ಐದು ಗುಣಿಸು 746, ಅಂದರೆ 3730 ವ್ಯಾಟ್. ಮೂರು ಫೇಸ್ 415 ವೋಲ್ಟ್, ಪವರ್ ಫ್ಯಾಕ್ಟರ್ 0.8, ದಕ್ಷತೆ 85 ಶೇಕಡಾ ಹಿಡಿದರೆ ಸುಮಾರು ಏಳೂವರೆ ಆಂಪಿಯರ್. ತೋಟದಲ್ಲಿ ನಾವು ಬಾಯಿಲೆಕ್ಕ ಹಾಕುವ 'ಎಚ್‌ಪಿಗೆ ಒಂದೂವರೆ' ಸರಿಯಾಗಿಯೇ ಇದೆ, ಅದು ಎಲ್ಲಿಂದ ಬಂತು ಎಂದು ಹೇಳಲು ಬಂದರೆ ಸಾಕು.

ತಂತಿಯ ಎತ್ತರ ಕೇಳುತ್ತಾರೆ. ಎಲ್‌ಟಿ (ಮನೆಗಳಿಗೆ ಬರುವ ಕಡಿಮೆ ವೋಲ್ಟೇಜಿನ) ಲೈನು ರಸ್ತೆ ದಾಟುವಲ್ಲಿ 5.8 ಮೀಟರ್, ರಸ್ತೆಯ ಉದ್ದಕ್ಕೆ 5.5. 11 ಕೆವಿ ಲೈನು ಮನೆಯ ಮಾಡಿನಿಂದ ಮೇಲಕ್ಕೆ 3.7 ಮೀಟರ್, ಪಕ್ಕಕ್ಕೆ 1.2 ಮೀಟರ್ ದೂರ ಇರಬೇಕು. ಸ್ವಿಚ್ಚು ಯಾವಾಗಲೂ ಫೇಸಿನಲ್ಲಿ, ನ್ಯೂಟ್ರಲ್ಲಿಗೆ ಫ್ಯೂಸು ಇಲ್ಲ. ಶಾಕ್ ಹೊಡೆದವರಿಗೆ ಏನು ಮಾಡುತ್ತೀರಿ ಎಂದರೆ ಮೊದಲ ಮಾತು 'ಸಪ್ಲೈ ಬಂದ್' ಎಂದೇ ಬರಬೇಕು. ಆಮೇಲೆ ಉಸಿರು ನೋಡುವುದು, ಎದೆ ಒತ್ತುವುದು ನಿಮಿಷಕ್ಕೆ 100ರಿಂದ 120 ಸಲ, ಮೂವತ್ತು ಒತ್ತಿಗೆ ಎರಡು ಉಸಿರು, 108ಕ್ಕೆ ಫೋನು.

ಪರ್ಮಿಟ್ ಕೈಗೆ ಬಂದ ಮೇಲೆ

ಪರ್ಮಿಟ್ ಬಂತೆಂದು ಕಂಬ ಹತ್ತಬೇಡಿ. ಮೀಟರಿನ ವರೆಗಿನದು ಹೆಸ್ಕಾಂನದು, ಮೀಟರಿನ ಆಚೆಯದು ಗ್ರಾಹಕನದು. ನಮ್ಮ ಕೆಲಸ ಮೀಟರಿನ ಆಚೆ. ಮೀಟರಿನ ಸೀಲು ಮುಟ್ಟಿದರೆ ಕಾಯ್ದೆಯ 138ನೇ ಕಲಮು, ಕಳವು ಎಂದಾದರೆ 135. ಜೋಯಿಡಾ, ಯಲ್ಲಾಪುರದ ಕಾಡಂಚಿನ ಊರುಗಳಲ್ಲಿ ಮಳೆಗಾಲಕ್ಕೆ ಮೂರು ಮೂರು ದಿನ ಕರೆಂಟು ಇರುವುದಿಲ್ಲ, 'ತಮ್ಮಾ, ನಿಂಗೆ ಬತ್ತಲೋ, ಒಂದು ಫ್ಯೂಸು ಹಾಕ್ಬಿಡು' ಎಂದು ಅಜ್ಜಂದಿರು ಪ್ರೀತಿಯಿಂದಲೇ ಹೇಳುತ್ತಾರೆ. ಆ ಪ್ರೀತಿಗೆ ಮರುಳಾಗಿ ಕಂಬ ಹತ್ತಿದವರು, ಆಚೆ ಊರಿನ ಯಾರದೋ ಜನರೇಟರಿನಿಂದ ಲೈನಿಗೆ ಹಿಂದಿನಿಂದ ಬಂದ ಕರೆಂಟಿಗೆ ಸಿಕ್ಕಿಕೊಳ್ಳುತ್ತಾರೆ. 1912ಕ್ಕೆ ಫೋನು ಮಾಡಿ, ಲೈನ್‌ಮನ್ ಬರುವ ತನಕ ಅಜ್ಜನ ಜೊತೆ ಕವಳ ಹಾಕಿಕೊಂಡು ಕೂರಿ.

ಜಾತ್ರೆ, ಯಕ್ಷಗಾನದ ಕೆಲಸಕ್ಕೂ ಕಾಗದ ಬೇಕು. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿ ಮಾರಿಕಾಂಬಾ ಜಾತ್ರೆಯ ಪೇಟೆಯನ್ನು ರಾತ್ರಿ ಒಮ್ಮೆ ಸುತ್ತಿ ನೋಡಿ, ಸಾಲುಸಾಲು ಅಂಗಡಿ, ತೊಟ್ಟಿಲು, ನಾಟಕದ ಟೆಂಟು. ತಾತ್ಕಾಲಿಕ ಸಂಪರ್ಕ ಅಂದರೆ ತಾತ್ಕಾಲಿಕ ವೈರಿಂಗ್ ಎಂದು ತಿಳಿಯುವವರು ಬಹಳ. ಬರಿಯ ಇನ್ಸುಲೇಷನ್ ಟೇಪು ಸುತ್ತಿದ ಜೋಡಣೆ ಒದ್ದೆ ಹುಲ್ಲಿನ ಮೇಲೆ ಬಿದ್ದಿರುತ್ತದೆ. ಅಲ್ಲಿ ಆರ್‌ಸಿಸಿಬಿ ಇಲ್ಲದೆ ನಾನು ಮೇನ್ ಹಾಕುವುದಿಲ್ಲ. ಮೇಳದವರು ಬೈದರೂ ಸರಿ, ಚೌಕಿಯಲ್ಲಿ ದೀಪ ಹತ್ತು ನಿಮಿಷ ತಡವಾದರೂ ಸರಿ.

ಇನ್ನು ಪರ್ಮಿಟ್ ಬಾಡಿಗೆ. ಇದನ್ನು ಯಾರೂ ಬರೆಯುವುದಿಲ್ಲ, ಎಲ್ಲರಿಗೂ ಗೊತ್ತು. ನಿಮ್ಮ ಪರ್ಮಿಟ್ಟನ್ನು ತಮ್ಮ ಲೈಸೆನ್ಸಿಗೆ ಸೇರಿಸಿಕೊಂಡು ವರ್ಷಕ್ಕಿಷ್ಟು ಎಂದು ಕೊಡುವವರು ಹುಡುಕಿಕೊಂಡು ಬರುತ್ತಾರೆ, ನೀವು ಕೆಲಸಕ್ಕೆ ಹೋಗುವುದೇ ಬೇಡ. ಸುಲಭದ ದುಡ್ಡು. ಆದರೆ ಆ ಸಮಯದಲ್ಲಿ ನಿಮ್ಮ ಪರ್ಮಿಟ್ ಬೇರೊಬ್ಬ ಗುತ್ತಿಗೆದಾರರ ಬಳಿ ಸೇರುವ ಹಾಗಿಲ್ಲ, ನಿಮ್ಮ ನಿಜವಾದ ಅನುಭವವೂ ಎಲ್ಲೂ ದಾಖಲಾಗುವುದಿಲ್ಲ. ಅವರು ಎಲ್ಲೋ ಮಾಡಿದ ಮನೆಯಲ್ಲಿ ಅನಾಹುತವಾದರೆ ಪೊಲೀಸರೂ ಪರಿವೀಕ್ಷಕರೂ ಕೇಳುವ ಮೊದಲ ಪ್ರಶ್ನೆ 'ವೈರ್‌ಮನ್ ಯಾರು' ಎಂದು. ಕಾಗದದಲ್ಲಿ ಇರುವುದು ನಿಮ್ಮ ಹೆಸರು. ಯಾರ ಬಳಿ ನಿಜವಾಗಿ ದುಡಿಯುತ್ತೀರೋ ಅವರ ಬಳಿಯೇ ಪರ್ಮಿಟ್ ಸೇರಿಸಿ, ಬಿಟ್ಟ ದಿನ ಬಿಡುಗಡೆ ಪತ್ರ ಬರೆಸಿಕೊಂಡೇ ಬನ್ನಿ. ಬಿಡುಗಡೆ ಪತ್ರ ಇಲ್ಲದೆ ಹೊಸ ಕಡೆ ಸೇರಲು ಹೋಗಿ ತಿಂಗಳುಗಟ್ಟಲೆ ಅಲೆದವರಿದ್ದಾರೆ.

ಐದನೇ ಹೆಜ್ಜೆ: ಗುತ್ತಿಗೆದಾರರ ಲೈಸೆನ್ಸ್

ಸ್ವಂತ ಸಹಿ ಬೇಕು ಅಂದರೆ ಇದು. ಇದಕ್ಕೆ ಕಚೇರಿಯ ವಿಳಾಸ, ಬೇಕಾದಷ್ಟು ಪರ್ಮಿಟ್ ಇರುವ ಸಿಬ್ಬಂದಿ, ಪರೀಕ್ಷಾ ಉಪಕರಣಗಳು ಬೇಕು. ಮೇಲ್ವಿಚಾರಕರನ್ನು ಸಂಬಳಕ್ಕೆ ಇಟ್ಟುಕೊಳ್ಳುವುದು ಸಣ್ಣ ಗುತ್ತಿಗೆದಾರರಿಗೆ ದೊಡ್ಡ ಹೊರೆ. ತಾನೇ ಡಿಪ್ಲೊಮಾ ಮಾಡಿ ಮೇಲ್ವಿಚಾರಕರ ಪರ್ಮಿಟ್ ಇಟ್ಟುಕೊಂಡವನು ಇಲ್ಲಿ ಅರ್ಧ ಗೆದ್ದ. ಹಿಂದೆ ಡಿಪ್ಲೊಮಾದ ಮಾತು ಎತ್ತಿದ್ದು ಇದಕ್ಕೇ. ಮನೆ, ಅಂಗಡಿ, ತೋಟದ ಎಲ್‌ಟಿ ಕೆಲಸ ಸಾಕು ಎನ್ನುವವರು ಎರಡನೇ ದರ್ಜೆಯಿಂದ ಶುರು ಮಾಡಿ. ಟ್ರಾನ್ಸ್‌ಫಾರ್ಮರ್, 11 ಕೆವಿ ಲೈನು, ಹೆಸ್ಕಾಂ ಟೆಂಡರು ಎಂದರೆ ಮೇಲಿನ ದರ್ಜೆ ಬೇಕಾಗುತ್ತದೆ.

ಉಪಕರಣದಲ್ಲಿ ಜಿಪುಣತನ ಬೇಡ. ಮೆಗ್ಗರ್, ಅರ್ಥ್ ಟೆಸ್ಟರ್, ಕ್ಲಾಂಪ್ ಮೀಟರ್ ಮೂರೂ ನಿಮ್ಮ ಸಂಸ್ಥೆಯ ಹೆಸರಿನ ಬಿಲ್ಲಿನಲ್ಲೇ ಕೊಳ್ಳಿ, ಬಿಲ್ಲಿನಲ್ಲಿ ಕ್ರಮಸಂಖ್ಯೆ ಬರೆಸಿ. ಗೆಳೆಯನ ಮೆಗ್ಗರ್ ತಂದು ಫೋಟೋ ತೆಗೆದು ಹಾಕಿದರೆ ಮಾಪನ ತಪಾಸಣೆಯ ಪ್ರಮಾಣಪತ್ರದ ಸಂಖ್ಯೆಗೂ ಬಿಲ್ಲಿಗೂ ತಾಳೆಯಾಗುವುದಿಲ್ಲ.

ಲೈಸೆನ್ಸ್ ಬಂದ ಮೇಲೆ ಪ್ರತಿ ಕೆಲಸಕ್ಕೂ ಒಂದು ಹಾಳೆ ಇಡಿ: ಮನೆಯವರ ಹೆಸರು, ಲೋಡು, ವೈರಿಂಗ್ ನಕ್ಷೆ, ಮೆಗ್ಗರ್ ಮತ್ತು ಅರ್ಥ್ ಓದು, ಅಳೆದ ತಾರೀಕು. ಅಳೆಯದೆ ಬರೆದ ಓದು ದೂರದಿಂದಲೇ ಗೊತ್ತಾಗುತ್ತದೆ. ಹತ್ತು ಮನೆಗೂ 'ಅರ್ಥ್ 2 ಓಮ್, ಇನ್ಸುಲೇಷನ್ 50 ಮೆಗಾಓಮ್' ಎಂದು ಒಂದೇ ಬರೆದ ವರದಿಯನ್ನು ನಾನು ನೋಡಿದ್ದೇನೆ. ಅದರಲ್ಲಿ ಒಂದು ಮನೆ ಚಿರೇಕಲ್ಲು ಪಾರೆಯ ಮೇಲೆ, ಇನ್ನೊಂದು ಉಪ್ಪುನೀರು ನಿಲ್ಲುವ ಗಜನಿ ಗದ್ದೆಯ ಬದಿಯಲ್ಲಿ.

ಗಡಿಯಾಚೆ

ಕಾರವಾರ, ಸದಾಶಿವಗಡ, ಮಾಜಾಳಿಯ ಹುಡುಗರು ಬೆಳಗಾದರೆ ಪೋಳೆ ದಾಟಿ ಕಾಣಕೋಣ, ಮಡಗಾಂವ್ ಕಡೆ ಹೋಗುತ್ತಾರೆ. ಅಲ್ಲಿ ಕೂಲಿ ಹೆಚ್ಚು. ಆದರೆ ಕರ್ನಾಟಕದ ಪರ್ಮಿಟ್ ಗೋವಾದಲ್ಲಿ ತಾನಾಗಿ ಚಲಾವಣೆ ಆಗುವುದಿಲ್ಲ. ನಿಯಮದ ಮಾತು 'ಆಯಾ ರಾಜ್ಯ ಕೊಟ್ಟ ಅಥವಾ ಮಾನ್ಯ ಮಾಡಿದ' ಎಂದು. ಅಲ್ಲಿ ಕಾಯಂ ದುಡಿಯುವುದಾದರೆ ಅಲ್ಲಿನ ಇಲಾಖೆಯಿಂದ ಮಾನ್ಯತೆ ಪಡೆಯಿರಿ, ಅಲ್ಲಿಯವರೆಗೆ ಅಲ್ಲಿನ ಲೈಸೆನ್ಸ್ ಇರುವವರ ಕೈಕೆಳಗೆ ಸಹಾಯಕರಾಗಿಯೇ ಇರಿ.

ಆರನೇ ಹೆಜ್ಜೆ: ನವೀಕರಣ

ಪಡೆಯುವಾಗ ಇರುವ ಉತ್ಸಾಹ ನವೀಕರಣಕ್ಕೆ ಇರುವುದಿಲ್ಲ. ಅವಧಿ ಮುಗಿಯುವ ತಾರೀಕು ಪರ್ಮಿಟ್ಟಿನ ಮೇಲೇ ಇರುತ್ತದೆ, ಆದರೆ ಅದನ್ನು ಲ್ಯಾಮಿನೇಟ್ ಮಾಡಿಸಿ ಟ್ರಂಕಿನಲ್ಲಿ ಇಟ್ಟವರಿಗೆ ಯಾವ ತಾರೀಕು ನೆನಪಿರುತ್ತದೆ? ನನಗೆ ಒಮ್ಮೆ ಹೀಗಾಯಿತು. ಅಡಿಕೆ ಕೊಯ್ಲಿನ ಕಾಲ, ಊರೆಲ್ಲ ಸುಲಿಯುವ ಯಂತ್ರದ ಕೆಲಸ, ದಿನಾ ರಾತ್ರಿ ಮನೆಗೆ ಬರುವಾಗ ಹತ್ತು ಗಂಟೆ. ಡಿಸೆಂಬರ್ ಹೋಯಿತು, ಜನವರಿ ಹೋಯಿತು. ಫೆಬ್ರುವರಿಯಲ್ಲಿ ಒಂದು ಮನೆಯ ವರದಿ ಕೊಡಲು ಹೋದಾಗ ಕೌಂಟರಿನಲ್ಲಿದ್ದ ಹುಡುಗಿ ಕಾಗದ ಹಿಂದಕ್ಕೆ ತಳ್ಳಿದಳು. ದಂಡ ಕಟ್ಟಿದೆ, ಅದು ದೊಡ್ಡದಲ್ಲ. ಆದರೆ ನವೀಕರಣ ಆಗುವವರೆಗೆ ಮೂರು ಮನೆಯ ಗೃಹಪ್ರವೇಶ ಪಕ್ಕದ ಮನೆಯಿಂದ ಎಳೆದ ಕರೆಂಟಿನಲ್ಲಿ ನಡೆಯಿತು. ಅದರಲ್ಲಿ ಒಂದು ನನ್ನ ಭಾವನ ಮನೆ. ಅವರು ಈಗಲೂ ಹಬ್ಬಕ್ಕೆ ಸಿಕ್ಕಾಗ ಆ ಮಾತು ಎತ್ತುತ್ತಾರೆ.

ಮುಗಿಯುವ ಎರಡು ಮೂರು ತಿಂಗಳ ಮೊದಲೇ ಅರ್ಜಿ ಹಾಕಿ. ವೈರ್‌ಮನ್ ಆದರೆ ಹಳೆಯ ಪರ್ಮಿಟ್, ಇತ್ತೀಚಿನ ಫೋಟೋ, ಈಗಿನ ವಿಳಾಸದ ದಾಖಲೆ, ಶುಲ್ಕ, ಇಷ್ಟರಲ್ಲಿ ಮುಗಿಯುತ್ತದೆ. ವಿಳಾಸ ಬದಲಾಗಿದ್ದರೆ ಅದನ್ನು ಮೊದಲು ತಿದ್ದಿಸಿ. ಗುತ್ತಿಗೆದಾರರಿಗೆ ಕೆಲಸ ಹೆಚ್ಚು: ಸಿಬ್ಬಂದಿಯ ಪಟ್ಟಿ, ಉಪಕರಣಗಳ ಹೊಸ ತಪಾಸಣಾ ಪ್ರಮಾಣಪತ್ರ. ಇಲ್ಲಿ ಒಂದು ಗಂಟು ಇದೆ, ಹುಷಾರು. ನಿಮ್ಮ ಲೈಸೆನ್ಸ್ ನವೀಕರಣಕ್ಕೆ ಹೋದ ದಿನ ನಿಮ್ಮ ಬಳಿ ಇರುವ ವೈರ್‌ಮನ್ನರ ಪರ್ಮಿಟ್ಟೂ ಜೀವಂತ ಇರಬೇಕು. ಅವರದು ಸತ್ತಿದ್ದರೆ ನಿಮ್ಮದೂ ನಿಲ್ಲುತ್ತದೆ. ಹಾಗಾಗಿ ನಾನು ನನ್ನ ಬಳಿ ಇರುವ ಎಲ್ಲರ ತಾರೀಕನ್ನೂ ಅಂಗಡಿಯ ಗೋಡೆಯ ಪಂಚಾಂಗದ ಹಿಂಬದಿಯಲ್ಲಿ ಬರೆದಿಟ್ಟಿದ್ದೇನೆ. ಉಪಕರಣಗಳನ್ನು ತಪಾಸಣೆಗೆ ಕಳಿಸುವುದು ಮಳೆಗಾಲದಲ್ಲಿ, ಕೆಲಸ ಕಡಿಮೆ ಇರುವಾಗ. ಹುಬ್ಬಳ್ಳಿಗೆ ಹೋಗಿ ಬರುವವರ ಕೈಯಲ್ಲಿ ಮೆಗ್ಗರ್ ಕಳಿಸುವುದಾದರೆ ಅದನ್ನು ಕಬ್ಬಿಣದ ಪೆಟ್ಟಿಗೆಯಲ್ಲೇ ಹಾಕಿ ಕೊಡಿ, ನನ್ನ ಮೊದಲನೆಯದು ಬಸ್ಸಿನ ಸೀಟಿನ ಕೆಳಗೆ ಯಾರದೋ ಹಲಸಿನಹಣ್ಣಿಗೆ ಸಿಕ್ಕಿ ಒಡೆಯಿತು.